ನಿಯಮ ಮೊದಲೋ, ಉದಾಹರಣೆ ಮೊದಲೋ? ಮೂರು ದಾರಿಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿ ನೋಡಿದೆ

ಇಂಗ್ಲಿಷ್ ಮನೆಮಾತಲ್ಲದ ದೊಡ್ಡವರಿಗೆ ನಾನು ವ್ಯಾಕರಣ ಹೇಳಿಕೊಡುತ್ತೇನೆ. ಮೂರು ವಿಧಾನಗಳನ್ನು ತರಗತಿಯಲ್ಲೇ ಪರೀಕ್ಷಿಸಿ ನೋಡಿದ್ದೇನೆ.

ಮೊದಲು ಹಿಡಿದದ್ದು ಕಲಿಕಾ ಶೈಲಿಯ ದಾರಿ. ಯಾರಿಗೆ ಹೇಗೆ ಕಲಿಯುವುದು ಇಷ್ಟ ಅಂತ ಕೇಳುವ, ನೀಲ್ ಫ್ಲೆಮಿಂಗ್ ಅವರ ವಾರ್ಕ್ ಪ್ರಶ್ನಾವಳಿ ಕೊಟ್ಟೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಅಂತ ನಾಲ್ಕು ಗುಂಪು ಮಾಡಿದೆ. ಒಂದೇ ಪಾಠಕ್ಕೆ ನಾಲ್ಕು ಬಗೆಯ ತಯಾರಿ! ಕೊನೆಗೆ ಮಾತಾಡಿಸಿದರೆ ನಾಲ್ಕೂ ಗುಂಪಿನವರು 'ಐ ಸಾ ಹಿಮ್ ಯೆಸ್ಟರ್ಡೇ' ಅನ್ನುವ ಬದಲು 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ' ಅಂತಲೇ ತಪ್ಪಾಗಿ ಹೇಳಿದರು. ಅದಕ್ಕಿಂತ ಬೇಸರವಾಗಿದ್ದು ಇನ್ನೊಂದು. ಒಬ್ಬರು 'ನಾನು ನೋಡಿ ಕಲಿಯುವವಳು, ಕೇಳಿಸಿಕೊಳ್ಳೋದು ನನಗೆ ಆಗಲ್ಲ' ಅಂದರು. ಕೇಳಿಸಿಕೊಳ್ಳದೆ ಭಾಷೆ ಬರುತ್ತದಾ? ಆ ಹಣೆಪಟ್ಟಿ ಅಂಟಿಸಿದ್ದು ನಾನೇ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಈ ಬಗೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ್ದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಬರೆದರು. ಆ ದಾರಿಯಿಂದ ನಾನು ಉಳಿಸಿಕೊಂಡದ್ದು ಒಂದೇ: ಕಾಲಗಳನ್ನು ತೋರಿಸುವ ಗೆರೆಚಿತ್ರ. ಅದು ಎಲ್ಲರಿಗೂ ಉಪಯೋಗವಾಯಿತು.

ಎರಡನೆಯದು, ನಿಯಮ ಮೊದಲು. 'ಎ' ಮತ್ತು 'ಆನ್' ಕಲಿಸಲು ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ಅಕ್ಷರ ನೋಡಬೇಡಿ, ಮುಂದಿನ ಪದದ ಮೊದಲ ಸದ್ದು ಕೇಳಿ. ಅದು ಸ್ವರವಾದರೆ 'ಆನ್'. ಅದಕ್ಕೇ 'ಆನ್ ಅವರ್', ಆದರೆ 'ಎ ಯೂನಿವರ್ಸಿಟಿ'. ಹತ್ತು ನಿಮಿಷ ಸಾಕು.

ಮೂರನೆಯದು, ಉದಾಹರಣೆ ಮೊದಲು. ಪ್ರೆಸೆಂಟ್ ಪರ್ಫೆಕ್ಟ್‌ಗೆ, ಅಂದರೆ 'ಹ್ಯಾವ್ ಸೀನ್' ಥರದ ಕ್ರಿಯಾರೂಪಕ್ಕೆ, ನನ್ನ ಓಟು ಇದಕ್ಕೇ. ನಿಯಮ ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದರು, ಬಳಸುವಾಗ ತಪ್ಪಿದ್ದರು. ಆಮೇಲೆ ಬೋರ್ಡ್ ಮೇಲೆ ಎರಡೇ ವಾಕ್ಯ ಬರೆದೆ: 'ಐ ಲಾಸ್ಟ್ ಮೈ ಕೀ', 'ಐ ಹ್ಯಾವ್ ಲಾಸ್ಟ್ ಮೈ ಕೀ'. ಕೀ ಈಗಲೂ ಸಿಕ್ಕಿಲ್ಲ ಅಂತ ಯಾವುದರಿಂದ ಅನಿಸುತ್ತದೆ? ಜಗ್ಗಾಡಿ ಜಗ್ಗಾಡಿ ಎರಡನೆಯದು ಅಂದರು. ಹಾಗಾದರೆ ಅದರ ಜೊತೆ 'ಯೆಸ್ಟರ್ಡೇ' ಯಾಕೆ ಸೇರಲ್ಲ ಅನ್ನುವುದನ್ನೂ ಅವರೇ ಹೇಳಿದರು. ನಲವತ್ತು ನಿಮಿಷ ಹಿಡಿಯಿತು, ನಿಜ. ನಿಯಮ ಬೇಗ ಬೇಕು ಅನ್ನುವವರಿಗೆ ಸಿಡಿಮಿಡಿಯೂ ಆಯಿತು. ಆದರೆ ಮುಂದಿನ ವಾರ ಆ ತಪ್ಪು ನಿಜಕ್ಕೂ ಕಡಿಮೆಯಾಗಿತ್ತು.

'ದಿ' ಮಾತ್ರ ಬೇರೆಯೇ ಕತೆ. ಕನ್ನಡ, ರಷ್ಯನ್, ಜಪಾನಿ ಭಾಷೆಗಳಲ್ಲಿ ಆರ್ಟಿಕಲ್, ಅಂದರೆ 'ಎ', 'ಆನ್', 'ದಿ' ಥರದ ಪದ, ಇಲ್ಲ. ಆ ಭಾಷೆಗಳವರಿಗೆ ಬರೀ ಉದಾಹರಣೆ ಸುರಿದರೆ ತಲೆ ಕೆಡುತ್ತದೆ. 'ಯಾವುದರ ಮಾತು ಅಂತ ಕೇಳುವವರಿಗೆ ಗೊತ್ತಾ?' ಈ ಪ್ರಶ್ನೆಯನ್ನು ಮೊದಲು ಕೊಟ್ಟು, ಸಣ್ಣ ಕತೆ ಓದಿಸುತ್ತೇನೆ. ಪ್ರತಿ 'ದಿ' ಬಂದಾಗಲೂ ಅದನ್ನೇ ಕೇಳುತ್ತೇನೆ.

'ಶಿ ಗೋಸ್' ಅನ್ನುವಲ್ಲಿನ 'ಎಸ್' ವಿಷಯದಲ್ಲಿ ಮೂರೂ ಸೋತವು. ನಿಯಮ ಎಲ್ಲರಿಗೂ ಬಾಯಿಪಾಠ, ಮಾತಿನಲ್ಲಿ ಮಾತ್ರ ಬರಲ್ಲ. ಈಗ ಪ್ರತಿ ತರಗತಿಯ ಮೊದಲ ಐದು ನಿಮಿಷ, ಪಕ್ಕದವರ ದಿನಚರಿಯನ್ನು ಕೇಳಿ ಎಲ್ಲರಿಗೂ ಹೇಳಬೇಕು. ಇನ್ನೂ ತಪ್ಪುತ್ತಾರೆ, ಆದರೆ ಈಗ ತಾವೇ ನಿಲ್ಲಿಸಿ ತಿದ್ದಿಕೊಳ್ಳುತ್ತಾರೆ.