ಗೇರ್ ಆಯಿಲ್ ಸೋರಿದರೆ ತುಂಬಿಸುತ್ತಾ ಓಡಿಸುವುದಾ, ಸೀಲ್ ಬದಲಿಸುವುದಾ?

ಧಾರವಾಡದ ನಮ್ಮ ಅಂಗಳದಲ್ಲಿ ಹಳೇ ಮಾರುತಿ 800 ನಿಂತಲ್ಲೆಲ್ಲ ಎಣ್ಣೆ ಕಲೆ. ಮೊದಲು ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ನೋಡಿ. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಅದು ಗೇರ್ ಆಯಿಲ್. ತೆಳ್ಳಗೆ, ಕಪ್ಪಗಿದ್ದರೆ ಎಂಜಿನ್ ಆಯಿಲ್.

ತುಂಬಿಸುತ್ತಾ ಹೋಗುವುದು ಅಗ್ಗ. ದಿನಕ್ಕೆ ಒಂದೆರಡು ಹನಿ ಸೋರಿದರೆ ನಡೆಯುತ್ತೆ. ಆದರೆ ಎಷ್ಟು ಉಳಿದಿದೆ ಅಂತ ನೋಡಲು ಗಾಡಿ ಸಮವಾಗಿ ಎತ್ತಿ ಗೇರ್‌ಬಾಕ್ಸಿನ ಪ್ಲಗ್ ಬಿಚ್ಚಬೇಕು. ಯಾರು ವಾರವಾರ ಮಾಡ್ತಾರೆ? ಆಯಿಲ್ ಕಡಿಮೆಯಾದ ಗಾಡಿಯಲ್ಲಿ ಗದಗಿಗೆ ಹೊರಟರೆ ಬೇರಿಂಗ್ ಕೂಗಲು ಶುರು. ಸೋರಿಕೆ ತಡೆಯುವ ದ್ರಾವಣ ಒಣಗಿದ ಸೀಲನ್ನು, ಅಂದರೆ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರವನ್ನು, ಸ್ವಲ್ಪ ಉಬ್ಬಿಸುತ್ತದೆ, ಹರಿದದ್ದಕ್ಕೆ ಸುಮ್ನೆ ದಂಡ.

ಸೀಲ್ ಅಗ್ಗ, ಕೂಲಿ ಜಾಸ್ತಿ. ಚಕ್ರದ ಕಡೆ ಸೋರುತ್ತಿದ್ದರೆ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಸರಳು) ಬಿಚ್ಚಿದರೆ ಸಾಕು. ಇದನ್ನು ಮುಂದೂಡಬೇಡಿ. ಶಾಫ್ಟ್‌ನಲ್ಲಿ ಗೀರು ಬಿದ್ದಿದೆಯಾ ಅಂತ ಬೆರಳಾಡಿಸಿ ನೋಡಲು ಹೇಳಿ, ಗೀರಿದ್ದರೆ ಹೊಸ ಸೀಲೂ ಸೋರುತ್ತೆ. ಬ್ರೀದರ್, ಅಂದರೆ ಗೇರ್‌ಬಾಕ್ಸಿನ ಗಾಳಿ ಹೊರಹೋಗುವ ತೂತು, ಕೆಸರಿನಿಂದ ಕಟ್ಟಿದ್ದರೂ ಅಷ್ಟೇ. ನಮ್ಮ ಮೆಕ್ಯಾನಿಕ್ ಅದನ್ನು ನೋಡಲೇ ಇಲ್ಲ, ಎರಡು ಸಲ ಕೂಲಿ ಕೊಟ್ಟೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಸೋರಿದರೆ ಗೇರ್‌ಬಾಕ್ಸೇ ಇಳಿಸಬೇಕು. ಕ್ಲಚ್ ಜಾರದಿದ್ದರೆ ನಾನಂತೂ ತುಂಬಿಸುತ್ತಾ ಕಾಯುತ್ತೇನೆ. ಕ್ಲಚ್ ಪ್ಲೇಟ್ ಬದಲಿಸುವಾಗಲೇ ಸೀಲನ್ನೂ ಹಾಕಿಸಿದರೆ ಒಂದೇ ಕೂಲಿ.