ಆನ್‌ಗ್ರಿಡ್, ಆಫ್‌ಗ್ರಿಡ್, ಹೈಬ್ರಿಡ್: ನನ್ನ ಓಟು ಹೈಬ್ರಿಡ್‌ಗೆ, ನ್ಯೂಟ್ರಲ್ ಸರಿಯಿದ್ದರೆ ಮಾತ್ರ

ಮನೆ ಸೋಲಾರ್‌ನಲ್ಲಿ ಮೂರು ಬಗೆ: ಲೈನಿಗೆ ಸೇರಿದ, ಬ್ಯಾಟರಿಯಿಲ್ಲದ ಆನ್‌ಗ್ರಿಡ್, ಬ್ಯಾಟರಿಯನ್ನೇ ನಂಬಿದ ಆಫ್‌ಗ್ರಿಡ್, ಲೈನೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಹೈಬ್ರಿಡ್. 5 ಕಿಲೊವ್ಯಾಟ್ ಇನ್ವರ್ಟರ್, ಜೊತೆಗೆ 5 ಯೂನಿಟ್ ಹಿಡಿಯುವ ಒಂದೇ ಒಂದು ಲಿಥಿಯಂ ಬ್ಯಾಟರಿ, ಅಷ್ಟು ಸಾಕು. ಪ್ಯಾನೆಲ್ ಮೂರಕ್ಕೂ ಒಂದೇ, ಬಿಸಿಲೂ ಒಂದೇ. ಹಾಗಾಗಿ ಪ್ಯಾನೆಲ್ ದಕ್ಷತೆ, ವಾರಂಟಿ ಇವನ್ನೆಲ್ಲ ಇಲ್ಲಿ ಎತ್ತುವುದಿಲ್ಲ, ಕ್ಯಾಟಲಾಗ್‌ನಲ್ಲಿ ಸಿಗುತ್ತವೆ. ಮೂರರ ನಡುವಿನ ನಿಜವಾದ ವ್ಯತ್ಯಾಸ ತಿಳಿಯುವುದು ಕರೆಂಟ್ ಹೋದಾಗ ಮತ್ತು ಡಿಬಿ ಬಾಕ್ಸ್ (ಮನೆಯ ಸರ್ಕ್ಯೂಟುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಬಿಚ್ಚಿದಾಗ.

ಆನ್‌ಗ್ರಿಡ್ ಅತಿ ಸರಳ, ಅತಿ ಅಗ್ಗ. ಬ್ಯಾಟರಿ ಇಲ್ಲದ್ದರಿಂದ ನಷ್ಟ ಕಡಿಮೆ, ಉತ್ಪಾದನೆಯೆಲ್ಲ ಮನೆಗೆ ಇಲ್ಲವೇ ಲೈನಿಗೆ. ಆದರೆ ಕರೆಂಟ್ ಹೋಯಿತೋ, ನಡುಮಧ್ಯಾಹ್ನದ ಬಿಸಿಲಿನಲ್ಲೂ ಸೋಲಾರ್ ಬಂದ್. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಲೈನ್ ಆಫ್ ಮಾಡಿಸಿ ಕಂಬ ಹತ್ತಿದವರಿಗೆ ನಿಮ್ಮ ಮನೆಯಿಂದ ಹಿಂದಕ್ಕೆ ಹರಿದ ಕರೆಂಟ್ ಹೊಡೆಯಬಾರದಲ್ಲ! ಲೈನ್ ಸತ್ತ 2 ಸೆಕೆಂಡಿನೊಳಗೆ ಇನ್ವರ್ಟರ್ ಕಳಚಿಕೊಳ್ಳಬೇಕು ಎನ್ನುತ್ತದೆ ಐಇಇಇ 1547 ಮಾನದಂಡ. ಕರೆಂಟ್ ಬಂದ ಮೇಲೂ ವೋಲ್ಟೇಜ್, ಫ್ರೀಕ್ವೆನ್ಸಿ ನೆಟ್ಟಗಿವೆಯೇ ಎಂದು ನೋಡುತ್ತ ಕೆಲವು ನಿಮಿಷ ಕಾಯುತ್ತದೆ. ಪದೇ ಪದೇ ಕರೆಂಟ್ ಹೋಗಿ ಬರುವ ಕಡೆ ಈ ಕಾಯುವಿಕೆಯೇ ದಿನದ ಉತ್ಪಾದನೆಯಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ.

ಆನ್‌ಗ್ರಿಡ್‌ನವರು ಮಧ್ಯಾಹ್ನ "ಓವರ್ ವೋಲ್ಟೇಜ್" ಎಂದು ಟ್ರಿಪ್ ಆಗುತ್ತಿದೆ ಎಂದರೆ ಮೊದಲು ಮೀಟರಿನಿಂದ ಇನ್ವರ್ಟರಿಗೆ ಎಳೆದ ವೈರ್ ನೋಡಿ. 230 ವೋಲ್ಟಿನಲ್ಲಿ 5 ಕಿಲೊವ್ಯಾಟ್ ಎಂದರೆ ಸುಮಾರು 22 ಆಂಪಿಯರ್. 40 ಮೀಟರ್ ದೂರಕ್ಕೆ 4 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದರೆ ಹೋಗಿ ಬರುವ ದಾರಿ ಸೇರಿ 8 ವೋಲ್ಟ್ ಏರಿಕೆ ಅಲ್ಲೇ ಆಗಿಹೋಗುತ್ತದೆ. 10 ಚದರ ಮಿ.ಮೀ. ಹಾಕಿದರೆ ಅದು 3 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಈ ಮಾತು ಹೈಬ್ರಿಡ್‌ಗೂ ಅನ್ವಯ.

ಆಫ್‌ಗ್ರಿಡ್ ಬಗ್ಗೆ ನನಗೆ ಒಲವಿಲ್ಲ. ಬ್ಯಾಟರಿ ತುಂಬಿದ ಮೇಲೆ ಉಳಿದ ಬಿಸಿಲೆಲ್ಲ ದಂಡ, ಲೈನಿಗೆ ಕೊಡುವಂತಿಲ್ಲ. ಮೋಡ ಮುಚ್ಚಿದ ವಾರದಲ್ಲಿ ಅದೇ ಬ್ಯಾಟರಿ ಸಾಲುವುದಿಲ್ಲ. ಲೆಡ್ ಆಸಿಡ್ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ 1.8 ಯೂನಿಟ್ ಲೆಕ್ಕ ಇದ್ದರೂ ಕೈಗೆ ಸಿಗುವುದು 0.9. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹೋಗಲು ಗಾಳಿಯಾಡುವ ಜಾಗ ಬೇಕು, ಅರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಬ್ಯಾಟರಿ ಸಾಯುತ್ತದೆ. ಲೈನೇ ಬಾರದ ತೋಟದ ಮನೆಗೆ ಸರಿ. ಮೀಟರ್ ಇರುವ ಮನೆಗೆ ಬೇಡ.

ಇನ್ನು ಹೈಬ್ರಿಡ್. 51.2 ವೋಲ್ಟ್ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5.12 ಯೂನಿಟ್, ಅದರಲ್ಲಿ ಶೇ. 80-90 ಭಾಗ ನಿರಾತಂಕವಾಗಿ ಬಳಸಬಹುದು. ಕರೆಂಟ್ ಹೋದಾಗ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬದಲಾಗುವ ಇನ್ವರ್ಟರ್ ಆದರೆ ಕಂಪ್ಯೂಟರ್ ಆಫ್ ಆಗುವುದಿಲ್ಲ. ಹಗಲು ಕರೆಂಟ್ ಹೋದರೂ ಪ್ಯಾನೆಲ್ ದುಡಿಯುತ್ತಲೇ ಇರುತ್ತದೆ. ಆಪತ್ತಿಗಾದ ನೆಂಟ ಅಂದರೆ ಇದು. ಆದರೆ ಈ ನೆಂಟನಿಗೂ ಖರ್ಚಿದೆ: ಇನ್ವರ್ಟರ್ ಸುಮ್ಮನೆ ಕೂತರೂ 50 ವ್ಯಾಟ್ ತಿಂದರೆ ದಿನಕ್ಕೆ 1.2 ಯೂನಿಟ್. ಕೊಳ್ಳುವಾಗ ಇದನ್ನು ಕೇಳಿ, ಕ್ಯಾಟಲಾಗ್‌ನ ಕೊನೆ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಈಗ ತಲೆನೋವಿನ ವಿಷಯ. ಹೈಬ್ರಿಡ್ ಇನ್ವರ್ಟರಿಗೆ ಎರಡು ಎಸಿ ಬಾಯಿ: ಒಂದು ಲೈನಿಗೆ, ಇನ್ನೊಂದು ಬ್ಯಾಕಪ್‌ಗೆ. ಕರೆಂಟ್ ಹೋದಾಗ ಬದುಕುವುದು ಬ್ಯಾಕಪ್ ಬಾಯಿಗೆ ಸೇರಿಸಿದ್ದು ಮಾತ್ರ. ಹಾಗಾಗಿ ದೀಪ, ಫ್ಯಾನು, ಫ್ರಿಜ್, ರೂಟರ್ ಇವುಗಳ ಸರ್ಕ್ಯೂಟ್ ಬೇರೆ ಮಾಡಿ ಇನ್ನೊಂದು ಚಿಕ್ಕ ಡಿಬಿಗೆ ತರಬೇಕು. ಕೆಲಸಕ್ಕೆ ಬಂದವರು ಕರೆಂಟ್ ತರುವ ಫೇಸ್ ವೈರ್‌ಗಳನ್ನು ಹೊಸ ಎಂಸಿಬಿಗಳಿಗೆ (ಸರ್ಕ್ಯೂಟಿಗೊಂದರಂತೆ ಇರುವ ಬ್ರೇಕರ್ ಸ್ವಿಚ್) ಸಲೀಸಾಗಿ ತರುತ್ತಾರೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಮಾತ್ರ ಹಳೇ ಡಿಬಿಯ ಲೋಹದ ಪಟ್ಟಿಯಲ್ಲೇ ಉಳಿದುಬಿಡುತ್ತದೆ, ಏಕೆಂದರೆ ಅಲ್ಲಿ ಹದಿನೈದು ಕಪ್ಪು ವೈರ್‌ಗಳಲ್ಲಿ ಯಾವುದು ಯಾವುದರದೆಂದು ಯಾರಿಗೂ ಗೊತ್ತಿರುವುದಿಲ್ಲ.

ಹೊಸ ಡಿಬಿಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಸಮವಿಲ್ಲದಿದ್ದರೆ ಬೀಳುವ ಸ್ವಿಚ್) ಇದ್ದರೆ ಅದೃಷ್ಟ: ಫೇಸ್ ಈ ಕಡೆಯಿಂದ ಹೋಗಿ ನ್ಯೂಟ್ರಲ್ ಆ ಕಡೆಯಿಂದ ವಾಪಸ್ಸಾದರೆ ಅದು ಆ ಕ್ಷಣವೇ ಟ್ರಿಪ್ ಆಗಿ ತಪ್ಪು ತೋರಿಸುತ್ತದೆ. "ಆರ್‌ಸಿಸಿಬಿ ಸರಿಯಿಲ್ಲ, ತೆಗೆದುಬಿಡೋಣ" ಎಂದರೆ ಒಪ್ಪಬೇಡಿ. ತೆಗೆದರೆ ಲೈನ್ ಇರುವವರೆಗೆ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಬಹುಪಾಲು ಹೈಬ್ರಿಡ್‌ಗಳು ಕರೆಂಟ್ ಹೋದಾಗ ಫೇಸ್ ಜೊತೆ ನ್ಯೂಟ್ರಲನ್ನೂ ಲೈನಿನಿಂದ ಕಡಿದುಕೊಳ್ಳುತ್ತವೆ. ಆಗ ಆ ಸರ್ಕ್ಯೂಟಿಗೆ ವಾಪಸ್ ದಾರಿಯಿಲ್ಲ, ದೀಪ ಉರಿಯುವುದಿಲ್ಲ. ಮಂಕಾಗಿ ಉರಿದರೆ ಅದು ಇನ್ನೂ ಕೆಟ್ಟದ್ದು: ಕರೆಂಟ್ ಅರ್ಥಿಂಗ್ ಮೂಲಕ ತಿರುಗಿ ಬರುತ್ತಿದೆ.

ಹೆಚ್ಚಾಗಿ ಸಿಕ್ಕಿಬೀಳುವುದು ಮೆಟ್ಟಿಲಿನ ದೀಪ. ಕೆಳಗೊಂದು ಮೇಲೊಂದು ಸ್ವಿಚ್ ಇರುವಲ್ಲಿ ವೈರ್ ಉಳಿಸಲು ಫೇಸ್ ಕೆಳಮಹಡಿಯದು, ನ್ಯೂಟ್ರಲ್ ಮೇಲ್ಮಹಡಿಯದು ಎಂದು ಸೇರಿಸಿರುತ್ತಾರೆ. ಎರಡು ಸರ್ಕ್ಯೂಟುಗಳ ನ್ಯೂಟ್ರಲ್ ಎಲ್ಲಾದರೂ ಕೂಡಿವೆಯೇ ಎಂದು ಪತ್ತೆ ಮಾಡಲು ಹೀಗೆ ಮಾಡಿ: ಮೇನ್, ಬ್ಯಾಟರಿ ಬ್ರೇಕರ್, ಪ್ಯಾನೆಲ್‌ನ ಡಿಸಿ ಐಸೊಲೇಟರ್ ಮೂರನ್ನೂ ಆಫ್ ಮಾಡಿ, ಇನ್ವರ್ಟರ್ ಒಳಗಿನ ಕೆಪಾಸಿಟರ್ ಇಳಿಯಲು ಐದು ನಿಮಿಷ ಬಿಡಿ, ಕರೆಂಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಎಂಸಿಬಿಗಳೆಲ್ಲ ಆಫ್ ಇರಲಿ, ಇಲ್ಲದಿದ್ದರೆ ಬಲ್ಬುಗಳ ಮೂಲಕವೇ ಸುತ್ತು ಸೇರಿ ಸುಳ್ಳು ತೋರಿಸುತ್ತದೆ. ಎರಡು ಸರ್ಕ್ಯೂಟುಗಳ ನ್ಯೂಟ್ರಲನ್ನು ಪಟ್ಟಿಯಿಂದ ಬಿಚ್ಚಿ, ಅವೆರಡರ ನಡುವೆ ಓಮ್ಸ್ ನೋಡಿ. ಏನೂ ತೋರಿಸದಿದ್ದರೆ ನ್ಯೂಟ್ರಲ್‌ಗಳು ಕೂಡಿಲ್ಲ, ಆದರೆ ಮೆಟ್ಟಿಲಿನ ದೀಪದಂತೆ ಬರೀ ಎರವಲು ಪಡೆದ ನ್ಯೂಟ್ರಲ್ ಇದರಲ್ಲಿ ಸಿಗದು, ಅದನ್ನು ಆರ್‌ಸಿಸಿಬಿಯೇ ಹಿಡಿಯಬೇಕು. ಒಂದೆರಡು ಓಮ್ಸ್ ತೋರಿಸಿದರೆ ಯಾವುದೋ ಸ್ವಿಚ್ ಬಾಕ್ಸಿನಲ್ಲಿ ಎರಡೂ ಕೂಡಿವೆ. ಪ್ಲಗ್ ಪಾಯಿಂಟಿನ ಸರ್ಕ್ಯೂಟಾದರೆ ಇನ್ನೂ ಸುಲಭ: ಬಿಚ್ಚಿದ ವೈರ್‌ಗಳನ್ನು ಮತ್ತೆ ಬಿಗಿದು ಕರೆಂಟ್ ಹಾಕಿ, 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಹಚ್ಚಿ, ಡಿಬಿಯಲ್ಲಿ ಅದರ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪ್ ಮೀಟರಿನ ಬಾಯಿಗೆ ಹಿಡಿಯಿರಿ. ಸೊನ್ನೆ ಬರಬೇಕು. 4.3 ಆಂಪಿಯರ್ ಬಂದರೆ ನೀವು ಹಿಡಿದ ನ್ಯೂಟ್ರಲ್ ಅದರದಲ್ಲ.

ಗೋಡೆ ಒಡೆದು ಹೊಸ ವೈರ್ ಎಳೆಯುವುದಕ್ಕಿಂತ, ಕೂಡಿಕೊಂಡಿರುವ ಎರಡೂ ಸರ್ಕ್ಯೂಟುಗಳನ್ನು ಫೇಸ್-ನ್ಯೂಟ್ರಲ್ ಸಮೇತ ಒಂದೇ ಆರ್‌ಸಿಸಿಬಿ ಕೆಳಗೆ ಬ್ಯಾಕಪ್‌ಗೆ ತಂದುಬಿಡುವುದು ಒಳ್ಳೆಯದು.

ಇದಾದ ಮೇಲೂ ಒಂದು ಪರೀಕ್ಷೆ ಬಾಕಿ. ಲೈನ್ ಕಡಿದಾಗ ಬ್ಯಾಕಪ್ ನ್ಯೂಟ್ರಲ್ ಅರ್ಥ್‌ಗೆ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಲೀಕೇಜ್ ಆದರೂ ಆರ್‌ಸಿಸಿಬಿ ಬೀಳುವುದಿಲ್ಲ. ಕೆಲವು ಇನ್ವರ್ಟರ್ ತಾವೇ ರಿಲೇ (ತಾನಾಗಿ ಕೆಲಸ ಮಾಡುವ ಸ್ವಿಚ್) ಹಾಕಿ ಸೇರಿಸುತ್ತವೆ, ಕೆಲವಕ್ಕೆ ಸೆಟ್ಟಿಂಗ್ ಆನ್ ಮಾಡಬೇಕು, ಕೆಲವಕ್ಕೆ ಹೊರಗೆ ರಿಲೇ ಕೂರಿಸಬೇಕು. ಮೇನ್ ಆಫ್ ಮಾಡಿ ನ್ಯೂಟ್ರಲ್-ಅರ್ಥ್ ನಡುವೆ ಅಳೆಯಿರಿ: ಒಂದೆರಡು ವೋಲ್ಟ್ ಇದ್ದರೆ ಸೇರಿದೆ, ನೂರರ ಆಚೀಚೆ ಇದ್ದರೆ ತೇಲುತ್ತಿದೆ. ಕಾಯಂ ಲಿಂಕ್ ಹಾಕಿ ಕೈತೊಳೆದುಕೊಳ್ಳುವುದು ತಪ್ಪು, ಲೈನ್ ಇರುವಾಗ ನ್ಯೂಟ್ರಲ್ ಕರೆಂಟ್ ಅರ್ಥ್ ವೈರಿನಲ್ಲೂ ಹರಿಯತೊಡಗುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ತೋರಿಸಿದರೆ ನಂಬಬೇಡಿ. ಆ ಬಟನ್ ಫೇಸಿನಿಂದ ನ್ಯೂಟ್ರಲ್‌ಗೆ ಸಣ್ಣ ಕರೆಂಟ್ ಹರಿಸುತ್ತದೆ, ಅರ್ಥ್ ಇಲ್ಲದಿದ್ದರೂ ಬೀಳುತ್ತದೆ. ಫೇಸ್-ಅರ್ಥ್ ನಡುವೆ ಪರೀಕ್ಷಿಸುವ ಟೆಸ್ಟರ್ ತರಲು ಹೇಳಿ.

ಕರೆಂಟ್ ಯಾವ ಕಡೆ ಎಷ್ಟು ಹರಿಯುತ್ತಿದೆ ಎಂದು ಇನ್ವರ್ಟರಿಗೆ ತಿಳಿಸಲು ಮೀಟರ್ ಹತ್ತಿರ ಹಾಕುವ ಸಿಟಿ ಕ್ಲಾಂಪಿನ ಬಾಣ ತಿರುಗಾಮುರುಗಾ ಆದರೆ ಇನ್ವರ್ಟರ್ ಕೊಡುವುದನ್ನು ಪಡೆಯುವುದೆಂದು ತಿಳಿದು ಬ್ಯಾಟರಿಯನ್ನು ಲೈನಿಗೆ ಸುರಿಯುತ್ತದೆ. ಬಾಣ ನೋಡಿ, ಮುಗಿಯಿತು. ನೀರಿನ ಮೋಟರನ್ನು ಬ್ಯಾಕಪ್‌ಗೆ ಹಾಕಬೇಡಿ: ಶುರುವಾಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಗೀಸರೂ ಬೇಡ.

ಹಸಿರು ಕಟ್ಟಡದ ಸರ್ಟಿಫಿಕೇಟಿಗೆ ಕಟ್ಟುವವರಿಗೆ ಒಂದು ಮಾತು. ನೆಟ್ ಝೀರೋ (ಬಳಸಿದಷ್ಟನ್ನು ತಾನೇ ಉತ್ಪಾದಿಸುವುದು) ಲೆಕ್ಕ ಸಾಮಾನ್ಯವಾಗಿ ಇಡೀ ವರ್ಷದ ಯೂನಿಟ್ಟುಗಳ ಮೇಲೆ ನಡೆಯುತ್ತದೆ. ಬ್ಯಾಟರಿಯ ನಷ್ಟ, ಸುಮ್ಮನೆ ತಿನ್ನುವ 50 ವ್ಯಾಟ್ ಎಲ್ಲ ಕಳೆದರೆ ಕಾಗದದ ಮೇಲೆ ಆನ್‌ಗ್ರಿಡ್ಡೇ ಮುಂದೆ. ಎಡ್ಜ್ ಎಂಬ ಹಸಿರು ಕಟ್ಟಡ ಮಾನದಂಡದಲ್ಲಿ ಇಂಧನದಲ್ಲಿ ಶೇ. 20 ಉಳಿತಾಯ ಬೇಕು, ಅಡ್ವಾನ್ಸ್ಡ್ ಹಂತಕ್ಕೆ ಶೇ. 40. ಪ್ಯಾಸಿವ್ ಹೌಸ್ ಎಂಬ ಇನ್ನೊಂದು ಮಾನದಂಡದವರು ಇನ್ನೂ ಬಿಗಿ: ಮನೆ ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ಮಿತಿ, ಅಂದರೆ ಚಾವಣಿಗಿಂತ ಮೊದಲು ಗೋಡೆ-ಕಿಟಕಿ ನೋಡಿ ಎಂದು. ಬ್ಯಾಟರಿ ಅಳತೆಗೂ ಅದೇ ದಾರಿ. 75 ವ್ಯಾಟಿನ ಐದು ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 3 ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟರಿನ) ಫ್ಯಾನು ಆದರೆ 1.2. ನಾನು ಒಂದೇ ಬ್ಯಾಟರಿ ಸಾಕು ಎನ್ನುವುದು ಇದನ್ನು ಲೆಕ್ಕ ಹಾಕಿಯೇ.

ಬಟ್ಟೆ ಒಗೆಯುವುದು, ನೀರು ಏರಿಸುವುದು, ಇಸ್ತ್ರಿ ಎಲ್ಲ ಹಗಲೇ ಮುಗಿಸುವ ಅಭ್ಯಾಸ ನನ್ನದು. ರಾತ್ರಿಗೆ ಉಳಿಯುವುದು ದೀಪ, ಫ್ಯಾನು, ಫ್ರಿಜ್. ರಾತ್ರಿ ಎಸಿ ಹಾಕುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಕರೆಂಟ್ ಹೋಗುವುದೇ ಅಪರೂಪ ಎಂಬ ಕಡೆ ಆನ್‌ಗ್ರಿಡ್ ಹಾಕಿ ದುಡ್ಡು ಉಳಿಸಿ. ಕೈ ಬಿಗಿಯಿದ್ದರೆ ಹೈಬ್ರಿಡ್ ಇನ್ವರ್ಟರ್ ಈಗ, ಬ್ಯಾಟರಿ ಮುಂದಿನ ವರ್ಷ ಎಂದು ಮಾಡಬಹುದು, ಬ್ಯಾಟರಿ ಬರುವವರೆಗೆ ಬ್ಯಾಕಪ್ ಸಿಗದು ಅಷ್ಟೇ. ಆದರೆ ಇನ್ವರ್ಟರ್ 48 ವೋಲ್ಟಿನದೋ ಹೈ ವೋಲ್ಟೇಜಿನದೋ, ಯಾವ ಬ್ಯಾಟರಿಗಳ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಜೊತೆ ಮಾತಾಡುತ್ತದೆ ಎಂಬ ಪಟ್ಟಿಯನ್ನು ದುಡ್ಡು ಕೊಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಚಿಕ್ಕ ಡಿಬಿಯನ್ನೂ ನ್ಯೂಟ್ರಲ್ ಕೆಲಸವನ್ನೂ ಮಾತ್ರ ಈಗಲೇ ಮಾಡಿಸಿ.