ಕೈ ತಿರುಗಿಸುವ 500 ವೋಲ್ಟ್ ಮೆಗ್ಗರ್: ಕರಾವಳಿಯ ಪಂಪು, ವೈರಿಂಗ್ ಕೆಲಸಕ್ಕೆ ಆದೀತೇ?

ಮಳೆ ಹಿಡಿದರೆ ಮಂಗಳೂರು, ಉಡುಪಿ ಕಡೆಯ ಎಲೆಕ್ಟ್ರಿಷಿಯನ್‌ಗಳಿಗೆ ಎರಡು ದೂರು ಖಾಯಂ: ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಆನ್ ಆಗಿ ನಿಲ್ಲುತ್ತಿಲ್ಲ, ತೋಟದ ಪಂಪು ಸ್ಟಾರ್ಟ್ ಮಾಡಿದ ಕೂಡಲೇ ಟ್ರಿಪ್. ಎರಡಕ್ಕೂ ಮಲ್ಟಿಮೀಟರ್ ಹಿಡಿದು ಪ್ರಯೋಜನ ಕಮ್ಮಿ. ಅದರ 9 ವೋಲ್ಟ್ ಬ್ಯಾಟರಿಗೆ ಜಗ್ಗದ ಒದ್ದೆ ಜಾಯಿಂಟು 500 ವೋಲ್ಟ್ ಡಿಸಿ ಬಿದ್ದಾಗ ಬಾಯಿ ಬಿಡುತ್ತದೆ. ಹಾಗಾಗಿ ಮೆಗ್ಗರ್, ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ನಿನ ರೆಸಿಸ್ಟೆನ್ಸನ್ನು ಮೆಗಾಓಮಿನಲ್ಲಿ (ಹತ್ತು ಲಕ್ಷ ಓಮ್) ಅಳೆಯುವ ಮೀಟರ್, ಬೇಕೇ ಬೇಕು.

ಮನೆ ಮತ್ತು ತೋಟದ ಕೆಲಸಕ್ಕೆ 500 ವೋಲ್ಟ್, 100 ಮೆಗಾಓಮ್ ಸ್ಕೇಲಿನ ಮಾಡೆಲ್ ಸಾಕು. 2500 ವೋಲ್ಟಿನದು ಎಚ್‌ಟಿ (ಹೈ ಟೆನ್ಶನ್) ಕೆಲಸಕ್ಕೆ; ಅದನ್ನು ಮನೆ ವೈರಿಂಗಿಗೆ ಹಚ್ಚಿದರೆ ಚೆನ್ನಾಗಿದ್ದ ಇನ್ಸುಲೇಶನ್ನೂ ಹೋದೀತು. ಹಿಡಿ ತಿರುಗಿಸಿದಾಗ ಒಳಗಿನ ಪುಟ್ಟ ಜನರೇಟರ್ ತಿರುಗುತ್ತದೆ. ನಿಮಿಷಕ್ಕೆ ಸುಮಾರು 160 ಸುತ್ತಿಗೆ ಕ್ಲಚ್ ಜಾರತೊಡಗುತ್ತದೆ. ಆಮೇಲೆ ಎಷ್ಟು ಜೋರು ತಿರುಗಿಸಿದರೂ ವೋಲ್ಟೇಜ್ ಏರುವುದಿಲ್ಲ. ಆ ಜಾರುವಿಕೆ ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಒಂದೋ ನಿಮ್ಮ ವೇಗ ಸಾಲದು, ಇಲ್ಲವೇ ಕ್ಲಚ್ಚಿಗೆ ಎಣ್ಣೆ ಇಳಿದು ಮೊದಲೇ ಜಾರುತ್ತಿದೆ. ಇದರ ಮುಳ್ಳಿಗೆ ಸ್ಪ್ರಿಂಗ್ ಇಲ್ಲ. ಎರಡು ಕಾಯಿಲ್‌ಗಳ ಕರೆಂಟಿನ ಅನುಪಾತದ ಮೇಲೆ ಅದು ನಿಲ್ಲುವುದರಿಂದ, ಸುಮ್ಮನಿದ್ದಾಗ ಸ್ಕೇಲಿನ ಎಲ್ಲಿ ಬೇಕಾದರೂ ಬಿದ್ದಿರುತ್ತದೆ. ಅದನ್ನೇ ಕಂಡು "ಮೀಟರ್ ಹಾಳು" ಎಂದು ಅಂಗಡಿಗೆ ವಾಪಸ್ ಕೊಡುವುದು ಬೇಡ.

ಕರಾವಳಿಯಲ್ಲಿ ಇದರ ನಿಜವಾದ ತಲೆನೋವು ತೇವ. ಲೀಡುಗಳನ್ನು ಯಾವುದಕ್ಕೂ ತಾಗಿಸದೆ ತಿರುಗಿಸಿದರೆ ಮುಳ್ಳು ಅನಂತಕ್ಕೆ ಹೋಗಬೇಕು. ಜುಲೈಯಲ್ಲಿ 30, 40 ಮೆಗಾಓಮಿಗೇ ನಿಂತರೆ ಸೋರುತ್ತಿರುವುದು ಮೀಟರಿನ ಟರ್ಮಿನಲ್ ಮೇಲಿನ ಉಪ್ಪು, ತೇವದ ಪದರ, ಇಲ್ಲವೇ ಒಂದಕ್ಕೊಂದು ಸುತ್ತಿಕೊಂಡ ಹಳೆ ಲೀಡು. ಒಣ ಬಟ್ಟೆಯಲ್ಲಿ ಒರೆಸಿ, ಲೀಡು ಬಿಡಿಸಿ, ಮತ್ತೊಮ್ಮೆ ನೋಡಿ. ಆಮೇಲೆ ಎರಡೂ ಲೀಡು ಕೂಡಿಸಿ ಮೆಲ್ಲಗೆ ತಿರುಗಿಸಿದರೆ ಸೊನ್ನೆ ತೋರಿಸಬೇಕು. ನಡುವಿನ ಸ್ಕೇಲ್ ನೋಡಲು 1 ಮೆಗಾಓಮಿನ ಐದು ಕಾಲು ವ್ಯಾಟ್ ರೆಸಿಸ್ಟರುಗಳನ್ನು ಸಾಲಾಗಿ ಬೆಸುಗೆ ಹಾಕಿಟ್ಟುಕೊಳ್ಳಿ, 5 ತೋರಿಸಬೇಕು. ಒಂದೇ ರೆಸಿಸ್ಟರಿಗೆ ಪೂರ್ತಿ 500 ವೋಲ್ಟ್ ಕೊಟ್ಟರೆ ಅದರ ವೋಲ್ಟೇಜ್ ಮಿತಿ ದಾಟುತ್ತದೆ.

ಮನೆ ವೈರಿಂಗ್ ಪರೀಕ್ಷೆಗೆ ಮೇನ್ ಆಫ್ ಮಾಡಿದರಷ್ಟೇ ಸಾಲದು. ಮೆಸ್ಕಾಂ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನಲ್ಲೇ ಅರ್ತ್ ಆಗಿರುವುದರಿಂದ ನ್ಯೂಟ್ರಲನ್ನೂ ಬಿಡಿಸಬೇಕು. ಇಲ್ಲದಿದ್ದರೆ ರೀಡಿಂಗ್ ಸೊನ್ನೆಯೇ. ಇನ್ವರ್ಟರ್, ಫ್ರಿಜ್, ಟಿವಿ, ಎಲ್‌ಇಡಿ ಬಲ್ಬು ಎಲ್ಲ ತೆಗೆಯಿರಿ. ಮಿಂಚಿನ ರಕ್ಷಣೆಗೆ ಹಾಕಿದ ಎಸ್‌ಪಿಡಿ ಇದ್ದರೆ ಅದನ್ನೂ: 500 ವೋಲ್ಟ್ ಡಿಸಿಗೆ ಅದರೊಳಗಿನ ವೇರಿಸ್ಟರ್ ಕರೆಂಟ್ ಹರಿಯಬಿಟ್ಟು, ಸರಿ ಇರುವ ವೈರಿಂಗನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಸ್ವಿಚ್ಚೆಲ್ಲ ಆನ್ ಮಾಡಿ, ಫೇಸ್ ನ್ಯೂಟ್ರಲ್ ಕೂಡಿಸಿ ಅರ್ತಿಗೆ ನೋಡಿ. ಎಲ್‌ಇಡಿ ತೆಗೆಯಲಾಗದಿದ್ದರೆ ಇಷ್ಟಕ್ಕೇ ನಿಲ್ಲಿಸಿ, ಫೇಸಿಗೂ ನ್ಯೂಟ್ರಲಿಗೂ ನಡುವೆ ತಿರುಗಿಸಬೇಡಿ. ಒಂದು ನಿಮಿಷ ತಿರುಗಿಸುತ್ತಲೇ ಓದಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಒಂದೊಂದೇ ಸರ್ಕ್ಯೂಟ್ ಬಿಡಿಸುತ್ತಾ ಹೋಗಿ. ಮಳೆ ಬಡಿಯುವ ಗೋಡೆಯ ಸ್ವಿಚ್ ಬಾಕ್ಸು, ಗೇಟಿನ ದೀಪ, ಟೆರೇಸಿನ ಟ್ಯಾಂಕ್ ಸ್ವಿಚ್ಚು: ನಮ್ಮ ಅನುಮಾನ ಮೊದಲು ಈ ಮೂರರ ಮೇಲೆ.

ಈ ಮೆಗ್ಗರ್ ಹೆಚ್ಚು ಉಪಯೋಗಕ್ಕೆ ಬರುವುದು ಬೋರ್‌ವೆಲ್ ಪಂಪಿಗೆ. ಸ್ಟಾರ್ಟರಿನಿಂದ ಮೋಟರಿನ ಮೂರೂ ವಯರು ಬಿಡಿಸಿ, ಸಿಂಗಲ್ ಫೇಸ್ ಆದರೆ ಕೆಪಾಸಿಟರ್ ಬೇರೆ ಮಾಡಿ, ವಯರುಗಳನ್ನು ಕೂಡಿಸಿ ಲೈನ್ ಟರ್ಮಿನಲಿಗೆ ಕೊಡಿ. ಅರ್ತ್ ಟರ್ಮಿನಲ್ ಕಬ್ಬಿಣದ ಪೈಪಿಗೆ. ಈಗ ಹಲವು ತೋಟಗಳಲ್ಲಿ ಇಳಿಸಿರುವುದು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು. ಅದಕ್ಕೆ ಕ್ಲಿಪ್ ಹಾಕಿದರೆ ಮೋಟರ್ ಸುಟ್ಟಿದ್ದರೂ ಅನಂತ ತೋರಿಸುತ್ತದೆ. ನೀರಿಗೆ ತಾಗುವ ಕಬ್ಬಿಣದ ಕೇಸಿಂಗಿಗೆ ಕೊಡಿ, ಅದೂ ಇಲ್ಲದಿದ್ದರೆ ತುದಿ ಸುಲಿದ ತಂತಿಯೊಂದನ್ನು ನೀರಿಗೆ ಇಳಿಸಿ. ಮೋಟರ್ ಕೆಳಗಿರುವಾಗ 2 ಮೆಗಾಓಮಿಗಿಂತ ಮೇಲಿದ್ದರೆ ನಿಶ್ಚಿಂತೆ. 0.5ರವರೆಗೆ ಓಡಿಸಬಹುದು, ಕಣ್ಣಿಟ್ಟಿರಿ. ಅದಕ್ಕೂ ಕೆಳಗಾದರೆ ಕೇಬಲ್, ಜಾಯಿಂಟ್ ಅಥವಾ ವೈಂಡಿಂಗ್, ಯಾವುದೋ ಒಂದು ಹೋಗಿದೆ. ಆಗಲೂ ಪೈಪು ಎತ್ತುವ ಅವಸರ ಬೇಡ. ಬಾವಿ ಬಾಯಿಯ ಜಾಯಿಂಟು ಬಿಡಿಸಿ, ಪಂಪ್‌ಶೆಡ್ಡಿನಿಂದ ಅಲ್ಲಿವರೆಗಿನ ಕೇಬಲನ್ನು ಬೇರೆಯಾಗಿ ನೋಡಿ. ಅಡಿಕೆ ಬುಡದಲ್ಲಿ ಹೂತ ಕೇಬಲಿಗೆ ಪಿಕ್ಕಾಸಿನ ಏಟು ಬಿದ್ದಿರುವುದುಂಟು. ಆಗಷ್ಟೇ ನಿಂತ ಬಿಸಿ ಮೋಟರಿನ ರೀಡಿಂಗ್ ನಂಬಬೇಡಿ, 10 ಡಿಗ್ರಿ ಏರಿದರೆ ಇನ್ಸುಲೇಶನ್ ರೆಸಿಸ್ಟೆನ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉದ್ದ ಕೇಬಲಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅರ್ತಿಗೆ ತಾಗಿಸಿ ಇಳಿಸಿದ ಮೇಲೆಯೇ ಕೈ ಹಾಕಿ.

ಕೊಳ್ಳುವಾಗ ಗಾರ್ಡ್ ಟರ್ಮಿನಲ್ ಇದೆಯೇ ನೋಡಿ. ಅಗ್ಗದ ಕೆಲವಕ್ಕೆ ಲೈನ್, ಅರ್ತ್ ಎರಡೇ. ಮಲ್ಪೆ ಬಂದರಿನ ಬದಿಯಂಥ ಉಪ್ಪುಗಾಳಿಯ ಜಾಗದಲ್ಲಿ ಕೇಬಲ್ ತುದಿಯ ಮೇಲ್ಮೈಯಲ್ಲೇ ಕರೆಂಟ್ ಹರಿಯುತ್ತದೆ. ಇನ್ಸುಲೇಶನ್ ಮೇಲೆ ಬರಿ ತಾಮ್ರದ ತಂತಿ ಎರಡು ಸುತ್ತು ಸುತ್ತಿ ಗಾರ್ಡಿಗೆ ಕೊಟ್ಟರೆ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ, ಒಳಗಿನ ನಿಜಸ್ಥಿತಿ ಮಾತ್ರ ಕಾಣುತ್ತದೆ. ಇದೊಂದಕ್ಕಾಗಿಯೇ ಸ್ವಲ್ಪ ಹೆಚ್ಚು ಹಣ ಕೊಡಬಹುದು. ಜೊತೆಗೆ ಬರುವ ಕ್ರೊಕೊಡೈಲ್ ಕ್ಲಿಪ್ಪುಗಳು ಮಾತ್ರ ಬೇಗ ತುಕ್ಕು ಹಿಡಿಯುತ್ತವೆ, ಹಿತ್ತಾಳೆಯವು ಹಾಕಿಸಿಕೊಳ್ಳಿ.

ಬ್ಯಾಟರಿ ಇಲ್ಲದಿರುವುದೇ ಇದರ ದೊಡ್ಡ ಲಾಭ. ಡಿಜಿಟಲ್ ಮೀಟರನ್ನು ತಿಂಗಳುಗಟ್ಟಲೆ ಡಬ್ಬದಲ್ಲಿಟ್ಟರೆ ಸೆಲ್ ಸೋರಿ ಕಾಂಟ್ಯಾಕ್ಟ್ ತಿನ್ನುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ ಮಾತ್ರ ಕಷ್ಟ: ಒಂದು ಕೈ ಹಿಡಿಯಲ್ಲಿ, ಇನ್ನೊಂದು ಮೀಟರ್ ಒತ್ತಿಕೊಂಡಿರುತ್ತದೆ, ಲೀಡು ಹಿಡಿಯಲು ಜನ ಬೇಕು. ಐಸ್ ಪ್ಲಾಂಟಿನ ದೊಡ್ಡ ಮೋಟರುಗಳಿಗೆ ಒಂದನೇ ಮತ್ತು ಹತ್ತನೇ ನಿಮಿಷದ ರೀಡಿಂಗ್ ಹೋಲಿಸಿ ನೋಡುವವರು ಡಿಜಿಟಲ್ ಮೀಟರನ್ನೇ ಕೊಳ್ಳಲಿ. ಹತ್ತು ನಿಮಿಷ ಒಂದೇ ವೇಗದಲ್ಲಿ ಇದನ್ನು ತಿರುಗಿಸುವ ಕೈ ಯಾರಿಗೂ ಇಲ್ಲ.